‘ಹಾಲು ಸಾಲುತ್ತಿಲ್ಲ’ ಎನ್ನುವವರಿಗೆ

ಕನ್ನಡ ಸಿನಿಮಾದ ನಾಯಕ ಖಳನಿಗೆ ಸವಾಲು ಹಾಕುವುದು ತಾಯಿಯ ಎದೆಹಾಲಿನ ಹೆಸರಿನಲ್ಲಿ. ಕುಡಿದು ಬೆಳೆದವನಾದರೆ ಎದುರಿಗೆ ಬಾ ಎನ್ನುತ್ತಾನೆ. ನವೆಂಬರ್ ತಿಂಗಳ ಸಭೆಗಳಲ್ಲಿ ಕನ್ನಡವನ್ನು ಎದೆಹಾಲಿಗೆ ಹೋಲಿಸದೆ ಮೈಕು ಬಿಟ್ಟುಕೊಟ್ಟ ಭಾಷಣಕಾರರನ್ನು ನಾನಂತೂ ಕಂಡಿಲ್ಲ. ತವರನ್ನು ನೆನೆಯುವುದು ಹಾಲಿನಿಂದ, ಋಣವನ್ನು ಅಳೆಯುವುದು ಹಾಲಿನಿಂದ, ದ್ರೋಹ ಬಗೆದವರನ್ನು ಬಯ್ಯುವುದೂ ಉಂಡ ಹಾಲಿನ ನೆನಪು ಮಾಡಿಕೊಟ್ಟೇ. ಇಷ್ಟೊಂದು ಹಾಲು ಹರಿಯುವ ನುಡಿಯಲ್ಲಿ, ಹೆತ್ತು ಮೂರು ದಿನವಾದ ಹೆಂಗಸೊಬ್ಬಳು ‘ಕೂಸು ಮೊಲೆ ಹಿಡೀತಿಲ್ಲ’ ಎಂದು ಕಣ್ಣಲ್ಲಿ ನೀರು ತಂದುಕೊಂಡರೆ ಅವಳಿಗೆ ಸಿಗುವ ಉತ್ತರ ಮಾತ್ರ ಒಂದೇ: ‘ನಿನಗೆ ಹಾಲು ಸಾಲುತ್ತಿಲ್ಲ.’

ನನ್ನ ತಕರಾರು ಈ ವಾಕ್ಯದ ಮೇಲೆ. ಇದನ್ನು ಹೇಳದವರಿಲ್ಲ. ಅತ್ತೆ ಹೇಳುತ್ತಾರೆ, ನೋಡಲು ಬಂದ ಪಕ್ಕದ ಮನೆಯವರು ಹೇಳುತ್ತಾರೆ, ರಾತ್ರಿ ಪಾಳಿಯ ನರ್ಸ್ ಹೇಳುತ್ತಾರೆ, ಬಾಗಿಲಲ್ಲಿ ನಿಂತ ಗಂಡ ಮೆಲ್ಲಗೆ ಕೇಳುತ್ತಾನೆ. ಯಾರೂ ಅಳೆದು ನೋಡಿರುವುದಿಲ್ಲ. ಕೂಸು ಅತ್ತಿತು ಎಂಬುದೊಂದೇ ಸಾಕ್ಷಿ. ವಾಕ್ಯದ ವ್ಯಾಕರಣವನ್ನೇ ನೋಡಿ: ಸಾಲದೆ ಹೋದದ್ದು ಹಾಲು. ಹೇಳಿಕೊಡಬೇಕಾಗಿದ್ದವರು ಯಾರು, ಪಕ್ಕದಲ್ಲಿ ಕೂರಬೇಕಾಗಿದ್ದವರು ಯಾರು, ಅವರೆಲ್ಲ ಎಲ್ಲಿದ್ದರು ಎಂಬ ಪ್ರಶ್ನೆಗಳಿಗೆ ಈ ವಾಕ್ಯದಲ್ಲಿ ಜಾಗವೇ ಇಲ್ಲ. ಆಸ್ಪತ್ರೆ, ಮನೆ, ಸರ್ಕಾರ, ಕಚೇರಿ ಎಲ್ಲರ ಕೊರತೆಯನ್ನೂ ಒಬ್ಬ ಬಾಣಂತಿಯ ಮೈಯ ಕೊರತೆಯೆಂದು ಬರೆದಿಡುವ ವಾಕ್ಯ ಇದು.

ನಿಜಕ್ಕೂ ಹಾಲು ಕಡಿಮೆಯಿರುವ ತಾಯಂದಿರು ಇದ್ದಾರೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಹಿಂದೆ ಆದ ಎದೆಯ ಶಸ್ತ್ರಚಿಕಿತ್ಸೆ, ಹೀಗೆ ಕಾರಣಗಳಿವೆ. ಅವರ ಸಂಖ್ಯೆ ಚಿಕ್ಕದು. ಉಳಿದವರಲ್ಲಿ ನಡೆಯುವುದೇ ಬೇರೆ. ಮೊದಲೆರಡು ದಿನ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು, ಒಂದು ಸಲಕ್ಕೆ ಒಂದೆರಡು ಚಮಚದೊಳಗೆ. ಹಸುಗೂಸಿಗೆ ಅಷ್ಟು ಸಾಕು. ಎದೆ ತುಂಬಿಬರುವುದು ಎರಡರಿಂದ ನಾಲ್ಕು ದಿನದೊಳಗೆ. ಸಿಸೇರಿಯನ್ ಆದವರಿಗೆ ಇನ್ನೂ ತುಸು ತಡವಾಗಬಹುದು. ಅಷ್ಟರಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದೂ ಸಹಜ. ಎರಡು ವಾರದೊಳಗೆ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಎದೆಯಲ್ಲಿ ಹಾಲು ಹುಟ್ಟುವ ಲೆಕ್ಕ ಸರಳ: ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ. ಕೂಸು ತೊಟ್ಟನ್ನಷ್ಟೇ ಕಚ್ಚಿಕೊಂಡರೆ ಹಾಲು ಇಳಿಯುವುದಿಲ್ಲ, ತಾಯಿಗೆ ಜೀವ ಹೋಗುವಂಥ ನೋವು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳತುಟಿ ಹೊರಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಅಂಗುಲದ ವ್ಯತ್ಯಾಸ ಅಷ್ಟೇ. ಆ ಅಂಗುಲವನ್ನು ತಿದ್ದಲು ಬಲ್ಲವರೊಬ್ಬರು ಬೇಕು.

ಬಲ್ಲವರು ಇಲ್ಲದಾಗ ಏನಾಗುತ್ತದೆ? ಕೂಸು ಅಳುತ್ತದೆ, ‘ಸಾಲುತ್ತಿಲ್ಲ’ ಎಂಬ ತೀರ್ಪು ಬರುತ್ತದೆ, ಔಷಧಿ ಅಂಗಡಿಯಿಂದ ಪುಡಿಯ ಡಬ್ಬಿ ಬರುತ್ತದೆ. ಬಾಟಲಿಯಲ್ಲಿ ಕುಡಿದ ಕೂಸು ಮೂರು ತಾಸು ಮಲಗುತ್ತದೆ. ಎಲ್ಲರಿಗೂ ನೆಮ್ಮದಿ. ಆ ಮೂರು ತಾಸು ಎದೆ ಖಾಲಿಯಾಗಲಿಲ್ಲ, ಆದ್ದರಿಂದ ತಯಾರಿ ತಗ್ಗಿತು. ಮರುದಿನ ಇನ್ನೊಂದು ಬಾಟಲಿ. ಹತ್ತನೆಯ ದಿನಕ್ಕೆ ಹಾಲು ನಿಜವಾಗಿಯೂ ಕಡಿಮೆಯಾಗಿರುತ್ತದೆ. ‘ನಾನು ಆವತ್ತೇ ಹೇಳಲಿಲ್ಲವಾ’ ಎನ್ನಲು ಮನೆಯಲ್ಲಿ ಮೂವರಿರುತ್ತಾರೆ. ಮೊದಲು ತೀರ್ಪು, ಆಮೇಲೆ ಅದಕ್ಕೆ ತಕ್ಕ ಸಾಕ್ಷಿ.

ಹಾಲೂಡಿಸುವುದು ಸಹಜ, ಅದನ್ನೇನು ಕಲಿಸುವುದು ಎನ್ನುವವರಿದ್ದಾರೆ. ನಡೆಯುವುದೂ ಸಹಜವೇ, ಆದರೂ ಮಗು ತಪ್ಪು ಹೆಜ್ಜೆ ಇಡುವಾಗ ನಾವು ಕೈ ಚಾಚುತ್ತೇವೆ, ಬಿದ್ದರೆ ಕಾಲೇ ಸರಿಯಿಲ್ಲ ಎನ್ನುವುದಿಲ್ಲ. ಹಿಂದೆ ಹತ್ತು ಹೆಣ್ಣುಗಳಿದ್ದ ಮನೆಯಲ್ಲಿ ಹುಡುಗಿಯೊಬ್ಬಳು ಅತ್ತಿಗೆ, ಚಿಕ್ಕಮ್ಮ, ಅಕ್ಕ ಮೊಲೆಯೂಡುವುದನ್ನು ನೋಡುತ್ತಲೇ ಬೆಳೆಯುತ್ತಿದ್ದಳು. ನೋಡಿದ್ದೇ ಪಾಠ. ಇವತ್ತು ನಮ್ಮಲ್ಲಿ ಎಷ್ಟೋ ಮಂದಿ ಬದುಕಿನಲ್ಲಿ ಮೊಟ್ಟಮೊದಲು ಎತ್ತಿಕೊಳ್ಳುವ ಹಸುಗೂಸು ನಾವೇ ಹೆತ್ತದ್ದು. ಪದವಿಯಿದೆ, ಗರ್ಭಿಣಿಯರಿಗಾಗಿ ಇರುವ ಆ್ಯಪ್ ಫೋನಿನಲ್ಲಿದೆ, ಕೂಸನ್ನು ಹೇಗೆ ಹಿಡಿಯಬೇಕೆಂದು ಕಂಡ ಕಣ್ಣಿಲ್ಲ.

ಹೇಳಿಕೊಡಲು ಮಾತೂ ಇಲ್ಲ. 12ನೇ ಶತಮಾನದ ವಚನಕಾರರು ಅಳುಕಿಲ್ಲದೆ ಬಳಸಿದ, ಹಾಡುಗಬ್ಬಗಳಲ್ಲಿ ಹೆಂಗಸರು ಬಾಯ್ತುಂಬ ಹಾಡಿದ ‘ಮೊಲೆ’ ಎಂಬ ಅಚ್ಚಗನ್ನಡ ಪದವನ್ನು ನಾವು ಅಸಭ್ಯದ ಪಟ್ಟಿಗೆ ದಬ್ಬಿದ್ದೇವೆ. ಆಸ್ಪತ್ರೆಯ ಗೋಡೆಯ ಮೇಲೆ ‘ಸ್ತನ್ಯಪಾನವು ಶಿಶುವಿಗೆ ಅಮೃತಸಮಾನ’ ಎಂದಿರುತ್ತದೆ. ಅಮೃತವನ್ನು ಬಾಯಿಗೆ ಸೇರಿಸುವುದು ಹೇಗೆಂದು ಹೇಳಬೇಕಾದರೆ ತೊಟ್ಟು ಎನ್ನಬೇಕು, ಮೊಲೆ ಎನ್ನಬೇಕು. ಅದನ್ನು ಬರೆಯಲು ನಾಚಿದ ಗೋಡೆ ಅಮೃತದಲ್ಲೇ ನಿಂತುಬಿಡುತ್ತದೆ. ಆಗಸ್ಟ್ ಮೊದಲ ವಾರ ವಿಶ್ವ ಸ್ತನ್ಯಪಾನ ಸಪ್ತಾಹ. ವೇದಿಕೆಯ ಮೇಲೆ ಗಣ್ಯರು, ಕೆಳಗೆ ಕುರ್ಚಿಯಲ್ಲಿ ಕೂಸು ಹೊತ್ತ ಬಾಣಂತಿಯರು, ದೀಪ, ಹಾರ, ಹಾಲಿನ ಮಹತ್ವದ ಕುರಿತು ಭಾಷಣ. ಹಾಲಿನ ಮಹತ್ವ ಗೊತ್ತಿಲ್ಲದ ತಾಯಿಯನ್ನು ನಾನು ನೋಡಿಲ್ಲ. ಅವಳಿಗೆ ಬೇಕಾಗಿರುವುದು ನಡುರಾತ್ರಿ ಎರಡು ಗಂಟೆಗೆ ದಿಂಬನ್ನು ಎಲ್ಲಿಡಬೇಕು ಎಂಬ ತಿಳಿವಳಿಕೆ.

ಅಂಕಿಗಳು ಏನನ್ನುತ್ತವೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಮೀಕ್ಷೆಯಲ್ಲಿ ಆ ಗಂಟೆಯೊಳಗೆ ಹಾಲು ಕಂಡ ಮಕ್ಕಳು ನಮ್ಮ ರಾಜ್ಯದಲ್ಲಿ ಅರ್ಧದಷ್ಟು, ಇಡೀ ದೇಶದಲ್ಲಿ ಶೇ. 42ಕ್ಕೂ ಕಡಿಮೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಂಗಸರು ಮನೆಯಲ್ಲಿ, ಅಜ್ಞಾನದಲ್ಲಿ, ಮೂಢನಂಬಿಕೆಯಲ್ಲಿ ಹೆರುತ್ತಿದ್ದರೆ ಅವರನ್ನೇ ದೂರಬಹುದಿತ್ತು. ಅವರು ಇರುವುದು ವೈದ್ಯರು, ನರ್ಸ್‌ಗಳು ಇರುವ ಕಟ್ಟಡದಲ್ಲಿ. ಆ ಒಂದು ಗಂಟೆ ಪೂರ್ತಿ ಆಸ್ಪತ್ರೆಯ ಕೈಯಲ್ಲಿರುವ ಗಂಟೆ. ಕೂಸನ್ನು ಒರೆಸಿ, ತೂಗಿ, ಬಟ್ಟೆ ಸುತ್ತಿ, ಹೊರಗೆ ಕಾದಿದ್ದ ನೆಂಟರಿಗೆ ತೋರಿಸಿ, ಫೋಟೋ ಆಗಿ, ತಾಯಿಯ ಹತ್ತಿರ ತರುವಷ್ಟರಲ್ಲಿ ಅದು ಮುಗಿದಿರುತ್ತದೆ. ರಾಜ್ಯದ ಪ್ರತಿ ಮೂರು ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಒಂದು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಹೊಟ್ಟೆಗೆ ಹೊಲಿಗೆ ಬಿದ್ದ ಹೆಂಗಸು ಒಬ್ಬಳೇ ಎದ್ದು ಕೂಸನ್ನು ಎದೆಗೆ ತಂದುಕೊಳ್ಳುವುದು ಹೇಗೆ? ಆ ಕೆಲಸಕ್ಕೆಂದು ಒಬ್ಬರನ್ನು ನೇಮಿಸಿದ ವಾರ್ಡು ಎಷ್ಟು ಕಡೆ ಇದೆ?

ನನ್ನ ಹೆರಿಗೆಯಾದದ್ದು ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಬಿಲ್ಲಿನಲ್ಲಿ ಹತ್ತಿಯಿಂದ ಹಿಡಿದು ಕೈಗವಸಿನವರೆಗೆ ಪ್ರತಿಯೊಂದಕ್ಕೂ ಬೆಲೆ ಕಟ್ಟಿತ್ತು. ಹಾಲೂಡಿಸಲು ಹೇಳಿಕೊಟ್ಟದ್ದಕ್ಕೆ ಮಾತ್ರ ಇರಲಿಲ್ಲ, ಯಾಕೆಂದರೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ರಾತ್ರಿ ‘ಹಾಲು ಬರ್ತಿಲ್ಲಮ್ಮ, ಪೌಡರ್ ತರಿಸಿಬಿಡಿ’ ಎಂದರು. ಹಾಗೆಂದ ನರ್ಸ್ ಮೇಲೆ ನನಗೆ ಸಿಟ್ಟಿಲ್ಲ. ಆ ರಾತ್ರಿ ಇಡೀ ಮಹಡಿಗೆ ಇದ್ದವರು ಅವರೂ ಇನ್ನೊಬ್ಬರೂ. ಒಬ್ಬೊಬ್ಬ ತಾಯಿಯ ಪಕ್ಕ ಅರ್ಧ ತಾಸು ಕೂರುವುದಕ್ಕಿಂತ ಒಂದು ಚೀಟಿ ಬರೆದುಕೊಡುವುದು ಸುಲಭವಾಗುವಂತೆ ಪಾಳಿಯನ್ನು ಹಾಕಿದ್ದು ಬೇರೆ ಯಾರೋ. ನಾಲ್ಕನೆಯ ದಿನ ಹಾವೇರಿ ಜಿಲ್ಲೆಯ ತವರಿಗೆ ಬಂದೆ. ಅಷ್ಟೊತ್ತಿಗೆ ತೊಟ್ಟು ಸೀಳಿ ರಕ್ತ ಬರುತ್ತಿತ್ತು. ಏಳನೆಯ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ರಿಜಿಸ್ಟರು ಹಿಡಿದು ಬಂದರು. ಕೂಸಿನ ತೂಕ ಬರೆದುಕೊಂಡರು, ಆಮೇಲೆ ರಿಜಿಸ್ಟರು ಮುಚ್ಚಿಟ್ಟು ನನ್ನ ಪಕ್ಕ ಚಾಪೆಯ ಮೇಲೆ ಕೂತರು. ‘ನೀ ಬಗ್ಗಬ್ಯಾಡವಾ, ಬೆನ್ನು ಗ್ವಾಡಿಗೆ ಹಚ್ಚು. ಕೂಸನ್ನ ನಿನ್ನ ಹತ್ರ ತಗೋ. ಬಾಯಿ ದೊಡ್ಡದಾಗಿ ತೆರೀಲಿ, ಅಲ್ಲೀತನಾ ತಡಿ.’ ಮುಕ್ಕಾಲು ತಾಸು ಕೂತಿದ್ದರು. ಮರುದಿನ ಕರೆಯದೆಯೇ ಮತ್ತೆ ಬಂದರು. ಕೂಸು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದರೆ ಹೊಟ್ಟೆ ತುಂಬುತ್ತಿದೆ ಎಂದು ತಿಳಿ, ಅಳುವುದನ್ನು ಲೆಕ್ಕ ಹಿಡಿಯಬೇಡ ಎಂದರು. ಎರಡು ವಾರದಲ್ಲಿ ಡಬ್ಬಿ ಮೂಲೆ ಸೇರಿತು.

ಈ ಕೆಲಸಕ್ಕೆ ಅವರಿಗೆ ಸಿಗುವುದೆಷ್ಟು? ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28, 42ನೇ ದಿನ, ಹೀಗೆ ಆರು ಸಲ ಹೋಗಬೇಕು. ಆರೂ ಭೇಟಿ ಮುಗಿಸಿದರೆ ಕೇಂದ್ರದ ಕಾರ್ಯಕ್ರಮದಲ್ಲಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. 2016ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎದೆಹಾಲಿಗೆಂದೇ ‘ಮಾ’ ಎಂಬ ಕಾರ್ಯಕ್ರಮ ಶುರುಮಾಡಿತು. ಹೆಸರಿನಲ್ಲೇ ತಾಯಿ ಇದ್ದಾಳೆ. ಅದರ ನೆಲಮಟ್ಟದ ಕೆಲಸ ಮತ್ತೆ ಅದೇ ಆಶಾ ಕಾರ್ಯಕರ್ತೆಯ ತಲೆಗೇ. ಈ ಹೆಂಗಸರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕೂತು ಗೌರವಧನ ಹೆಚ್ಚಿಸಿ ಎಂದು ಕೇಳಬೇಕಾಯಿತು. ತಾಯಿಯ ಹಾಲನ್ನು ಅಮೃತವೆನ್ನುವ ನಾಡು ಆ ಅಮೃತವನ್ನು ಕೂಸಿನ ಬಾಯಿಗೆ ಮುಟ್ಟಿಸುವವಳನ್ನು ‘ಸ್ವಯಂಸೇವಕಿ’ ಎಂದು ಕರೆದು, ಸಂಬಳ ಎಂಬ ಪದವನ್ನೇ ತಪ್ಪಿಸುತ್ತಿದೆ.

ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಹೊರಟಿಲ್ಲ. ಆ ಕಾಲದಲ್ಲಿ ಹೆರಿಗೆಮನೆಯಿಂದ ತಾಯಂದಿರ ಹೆಣಗಳೂ ಹೊರಬರುತ್ತಿದ್ದವು. ಆಸ್ಪತ್ರೆಯ ಹೆರಿಗೆ ಜೀವ ಉಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿಯ ಕೆಲಸ ಹೆರಿಗೆ ಮಾಡಿಸುವುದಕ್ಕೆ ಮುಗಿಯುತ್ತಿರಲಿಲ್ಲ. ಅವಳು ಉಳಿಯುತ್ತಿದ್ದಳು. ಕೂಸಿಗೆ ನೀರು ಹಾಕಲು, ತಾಯಿಯ ಮೈ ತಿಕ್ಕಲು, ಕಟ್ಟಿಕೊಂಡ ಎದೆಯನ್ನು ಬಿಸಿನೀರ ಬಟ್ಟೆಯಿಂದ ಸಡಿಲಿಸಲು ದಿನವೂ ಬರುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಕೊಟ್ಟೆವು, ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಕೆಲಸದ ಮೊದಲರ್ಧವನ್ನು ಆಸ್ಪತ್ರೆಗೆ ವಹಿಸಿಕೊಟ್ಟೆವು, ಸರಿ. ಇನ್ನರ್ಧವನ್ನು ಯಾರಿಗೆ ವಹಿಸಿದೆವು? ಯಾರಿಗೂ ಇಲ್ಲ.

ಬಾಣಂತನ ಇದೆಯಲ್ಲ ಎನ್ನಬಹುದು. ಇದೆ, ಅದರ ಬೆಚ್ಚನೆ ನನಗೂ ಸಿಕ್ಕಿದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡಿ, ಎಣ್ಣೆ ನೀರು, ಕೋಣೆಯ ಕತ್ತಲು. ಇವುಗಳ ಹಿಂದಿನ ತಿಳಿವಳಿಕೆ ದೊಡ್ಡದು: ಹೆತ್ತವಳು ದುಡಿಯಬಾರದು, ಅವಳನ್ನು ಬೇರೆಯವರು ನೋಡಿಕೊಳ್ಳಬೇಕು. ಅದೇ ಬಾಣಂತನದಲ್ಲಿ ಬಾಯಾರಿ ಸಾಯುವಂತಾದರೂ ನೀರು ಕೊಡದಿರುವುದಿದೆ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದಿದೆ, ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ, ಕತ್ತೆ ಹಾಲು ಹಚ್ಚುವುದಿದೆ, ಹಾಲು ಇಳಿಯದಿದ್ದರೆ ಯಾರದೋ ದೃಷ್ಟಿ ಎಂದು ಮೆಣಸಿನಕಾಯಿ ಸುಡುವುದಿದೆ. ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಬಿಡಿಸುವುದು ಆರೋಗ್ಯ ವ್ಯವಸ್ಥೆಯ ಕೆಲಸವಾಗಿತ್ತು. ಅದು ಮಾಡಿದ್ದು ಇಡೀ ಬಾಣಂತನವನ್ನು ‘ಹಳ್ಳಿಯ ನಂಬಿಕೆ’ ಎಂದು ನಕ್ಕು, ತಾಯಿಯನ್ನು ಎರಡನೆಯ ದಿನ ಮನೆಗೆ ಕಳಿಸಿಬಿಟ್ಟದ್ದು. ಅಲ್ಲದೆ ಬಾಣಂತನ ಮಾಡುವ ತಾಯಿಗೂ ಈಗ ವಯಸ್ಸು ಐವತ್ತೈದು, ಮಂಡಿನೋವು, ತಾನೂ ಒಂದು ಕೆಲಸ. ನಗರದ ಎರಡು ಕೋಣೆಯ ಮನೆಯಲ್ಲಿ ಆಕೆ ಮೂರು ತಿಂಗಳು ಉಳಿಯುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ನೆದರ್ಲೆಂಡ್ಸ್‌ನಲ್ಲಿ ಹೆರಿಗೆಯಾದ ಮೇಲೆ ತರಬೇತಾದವರೊಬ್ಬರು ಒಂದು ವಾರಕ್ಕೂ ಹೆಚ್ಚು ಕಾಲ ದಿನವೂ ಮನೆಗೆ ಬಂದು ತಾಯಿ-ಮಗುವನ್ನು ನೋಡಿಕೊಳ್ಳುತ್ತಾರೆ. ಆರೋಗ್ಯ ವಿಮೆಯಲ್ಲೇ ಅದು ಸೇರಿದೆ. ಸಮಾಜ ವಹಿಸಿಕೊಂಡ ಬಾಣಂತನ ಎಂದರೆ ಅದು. ಬಾಣಂತನ ಎಂಬ ಪದವನ್ನೇ ಪಡೆದಿರುವ ನಮಗೆ ಇದು ಹೊಳೆಯದೆ ಹೋದದ್ದು ಸೋಜಿಗ.

ದುಡ್ಡಿಲ್ಲದ ದೇಶಕ್ಕೆ ಇವೆಲ್ಲ ಎಲ್ಲಿಂದ ಎನ್ನುವವರು ಢಾಕಾದ ಕಡೆ ನೋಡಲಿ. ಅಲ್ಲಿ ನಡೆದು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲವೇ ದಿನಗಳ ತರಬೇತಿ ಪಡೆದ ಅಕ್ಕಪಕ್ಕದ ತಾಯಂದಿರು ಬಸುರಿಯ ಕೊನೆಯ ತಿಂಗಳುಗಳಿಂದ ಮಗುವಿಗೆ ಐದು ತಿಂಗಳಾಗುವವರೆಗೆ ಹದಿನೈದು ಸಲ ಮನೆಗೆ ಹೋಗಿ ಬಂದರು. ಐದನೆಯ ತಿಂಗಳಲ್ಲಿ ಬರೀ ಎದೆಹಾಲನ್ನೇ ಕುಡಿಯುತ್ತಿದ್ದ ಕೂಸುಗಳು ಆ ಗುಂಪಿನಲ್ಲಿ ಶೇ. 70. ಯಾರೂ ಹೋಗದ ಗುಂಪಿನಲ್ಲಿ ಶೇ. 6. ಅದೇ ಊರು, ಅದೇ ಬಡತನ, ಅದೇ ಅನ್ನ-ಬೇಳೆ. ಒಂದು ಗುಂಪಿನ ತಾಯಂದಿರ ಮೈಯಲ್ಲಿ ಹಾಲು ಬತ್ತಿ ಇನ್ನೊಂದರಲ್ಲಿ ಉಕ್ಕಿತೇ? ‘ಹಾಲು ಸಾಲುತ್ತಿಲ್ಲ’ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಈ ಕೊರತೆಯಲ್ಲಿ ಲಾಭ ಮಾಡಿಕೊಳ್ಳುವವರಿಗೆ ಮಾತ್ರ ಉತ್ತರ ಚೆನ್ನಾಗಿ ಗೊತ್ತು. ಪುಡಿ ಹಾಲಿನ ಕಂಪನಿಗಳು ಬಡದೇಶಗಳ ಹೆರಿಗೆ ವಾರ್ಡುಗಳಿಗೆ ನುಗ್ಗಿದ ರೀತಿಗೆ ಬೇಸತ್ತು ಜಗತ್ತು 1981ರಲ್ಲಿ ಒಂದು ಅಂತಾರಾಷ್ಟ್ರೀಯ ಸಂಹಿತೆ ಮಾಡಿಕೊಂಡಿತು. ಭಾರತ 1992ರಲ್ಲಿ ಕಾನೂನನ್ನೇ ತಂದಿತು, 2003ರಲ್ಲಿ ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಪುಡಿ ಹಾಲಿಗೆ ಜಾಹೀರಾತು ಕೂಡದು, ತಾಯಿಗೆ ಉಚಿತ ಡಬ್ಬಿ ಕೂಡದು, ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಕೂಡದು. ಒಳ್ಳೆಯ ಕಾನೂನು. ಆದರೆ ‘ಸಾಲುತ್ತಿಲ್ಲ’ ಎಂಬ ಮಾತು ಇರುವತನಕ ಯಾವ ಜಾಹೀರಾತಿನ ಅಗತ್ಯವಿದೆ? ಅದನ್ನು ಮನೆಮನೆಯಲ್ಲೂ ನಾವೇ ಪುಕ್ಕಟೆಯಾಗಿ ಪ್ರಸಾರ ಮಾಡುತ್ತಿದ್ದೇವೆ.

ಇನ್ನು ದುಡಿಮೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಓದಲು ಚೆಂದ. ಮನೆಗೆಲಸದವಳಿಗೆ, ಕಬ್ಬು ಕಡಿಯುವವಳಿಗೆ, ಕಟ್ಟಡದ ಮರಳು ಹೊರುವವಳಿಗೆ ಈ ರಜೆಯನ್ನು ಕೊಡುವವರು ಯಾರು? ಬರೀ ಎದೆಹಾಲು ಆರು ತಿಂಗಳು ಎನ್ನುವ ಸರ್ಕಾರ, ಆರು ತಿಂಗಳು ಕೂತು ಉಣ್ಣಲು ಅವಳಿಗೆ ಏನು ಕೊಟ್ಟಿದೆ ಎಂದು ಕೇಳಬಾರದೇ?

ಗೋವಿನ ಹಾಡನ್ನು ನಾವೆಲ್ಲ ಶಾಲೆಯಲ್ಲಿ ಕಣ್ಣೀರಿಟ್ಟು ಓದಿದವರೇ. ಪುಣ್ಯಕೋಟಿಯ ಸತ್ಯದ ಬಗ್ಗೆ ಮೇಷ್ಟ್ರು ಬಹಳ ಹೇಳಿದರು. ಹಾಡಿನಲ್ಲಿ ಇನ್ನೂ ಎರಡು ಸಂಗತಿಗಳಿವೆ. ಕರುವಿಗೆ ಮೊಲೆ ಕೊಟ್ಟು ಬರುತ್ತೇನೆ ಎಂದು ಕೇಳಿದಾಗ ಹಸಿದ ಹುಲಿಯೂ ಬಿಡುವು ಕೊಟ್ಟಿತು. ದೊಡ್ಡಿಗೆ ಬಂದ ಪುಣ್ಯಕೋಟಿ ಹಾಲೂಡಿಸಿ ಸುಮ್ಮನೆ ಹೊರಟುಬಿಡಲಿಲ್ಲ. ಉಳಿದ ಹಸುಗಳನ್ನು ಕರೆದು ಕೂಸನ್ನು ನಿಮ್ಮದೆಂದು ನೋಡಿಕೊಳ್ಳಿ ಎಂದು ಬೇಡಿಕೊಂಡಿತು. ತಾಯ್ತನ ಒಬ್ಬಳ ಕೆಲಸವಲ್ಲ ಎಂಬುದು ಆ ಹಾಡು ಕಟ್ಟಿದವರಿಗೆ ಗೊತ್ತಿತ್ತು. ನಮಗೆ ಸತ್ಯವಾಕ್ಯ ನೆನಪಿದೆ, ಬಿಡುವೂ ದೊಡ್ಡಿಯೂ ಮರೆತುಹೋಗಿವೆ.

ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ: ಹೀಗೆ ಬರೆಯುವುದೇ ಹಾಲೂಡಿಸಲಾಗದ ತಾಯಂದಿರಿಗೆ ಇನ್ನೊಂದು ಪೆಟ್ಟಲ್ಲವೇ? ಡಬ್ಬಿಯ ಹಾಲಿನಲ್ಲಿ ಬೆಳೆದ ಮಕ್ಕಳು ನಮ್ಮ ನಡುವೆ ಗಟ್ಟಿಮುಟ್ಟಾಗಿದ್ದಾರೆ. ಬೇಡವೆಂದು ತೀರ್ಮಾನಿಸಿದ ತಾಯಿಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಬೇಕೆಂದರೂ ಆಗದವಳಿಗೆ ಪುಡಿ ಹಾಲು ಕೂಸಿನ ಜೀವ ಕಾಯುವ ಆಹಾರ. ನಾನು ಮಾತಾಡುತ್ತಿರುವುದು ಬೇಕೆಂದಿದ್ದೂ, ಮೈಯಲ್ಲಿ ಕೊರತೆ ಇಲ್ಲದೆಯೂ, ಹತ್ತನೆಯ ದಿನಕ್ಕೆ ಕೈಚೆಲ್ಲಿ, ತಾನೇ ಸರಿಯಿಲ್ಲ ಎಂದು ಜೀವಮಾನವಿಡೀ ನಂಬುವವಳ ಬಗ್ಗೆ. ಸಹಾಯವೇ ಇಲ್ಲದಲ್ಲಿ ಆಯ್ಕೆ ಎಂಬ ಪದಕ್ಕೆ ಅರ್ಥವಿಲ್ಲ. ಅವಳು ಆರಿಸಿಕೊಳ್ಳಲಿಲ್ಲ, ಅವಳನ್ನು ಅಲ್ಲಿಗೆ ತಳ್ಳಲಾಯಿತು.

ಬೇಕಾಗಿರುವುದು ಬಹಳವಿಲ್ಲ. ಪ್ರತಿ ಹೆರಿಗೆ ವಾರ್ಡಿನಲ್ಲಿ, ರಾತ್ರಿ ಪಾಳಿಯಲ್ಲೂ, ಹಾಲೂಡಿಸಲು ನೆರವಾಗುವುದೇ ಕೆಲಸವಾಗಿರುವ ಒಬ್ಬರು. ಅದಿಲ್ಲದ ಆಸ್ಪತ್ರೆಗೆ ಹೆರಿಗೆ ಮಾಡಿಸುವ ಪರವಾನಗಿಯೇ ಸಿಗದಂಥ ನಿಯಮ. ಆಶಾ ಕಾರ್ಯಕರ್ತೆಗೆ ಸಂಬಳ, ಅವಳ ಭೇಟಿಗೆ ಸಮಯ. ಹಳ್ಳಿಯಲ್ಲಿ ಸಿಗುವ ಆ ಭೇಟಿ ನಗರದ ಬಾಡಿಗೆ ಮನೆಗಳಿಗೂ. ಗಂಡಂದಿರಿಗೆ ರಜೆ, ಫೋಟೋ ತೆಗೆಯಲು ಅಲ್ಲ, ರಾತ್ರಿ ಎದ್ದು ದಿಂಬು ಕೊಟ್ಟು, ನೀರು ಕೊಟ್ಟು, ಕೂಸಿನ ತೇಗು ಬರಿಸಲು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ವಿದ್ಯಾರ್ಥಿಗಳು. ನಾಳೆ ಅಕ್ಕನದೋ ಗೆಳತಿಯದೋ ಬಾಣಂತನಕ್ಕೆ ನೋಡಲು ಹೋಗುತ್ತೀರಿ, ಸ್ವೆಟರು, ಟೊಪ್ಪಿಗೆ ಒಯ್ಯುತ್ತೀರಿ. ಅಲ್ಲಿ ಯಾರಾದರೂ ‘ಹಾಲು ಸಾಲ್ತದಾ?’ ಎಂದು ಕೇಳಿಯೇ ಕೇಳುತ್ತಾರೆ. ಆಗ ನೀವು ಬೇರೆ ಪ್ರಶ್ನೆ ಕೇಳಿ: ‘ರಾತ್ರಿ ಜೊತೆಗೆ ಯಾರಿರ್ತಾರೆ?’